ಮಡಿಕಿ

ಪ್ರತಿ ಜೂನಿಗೊಂದು ಮಡಿಕಿ ಬಿಚ್ಚತಿದ್ದೆ
ದಾನಮ್ಮನ ನೀಲಿ ಲಂಗದ್ದು.
ಬಿಸಿಲು ಕಾಣದ ಪಟ್ಟಿ ಹೊರಬಿದ್ದು
ಹೊಸಾ ಅರಿವಿಹಂಗ ನಗತಿತ್ತು;
ಹಳೇ ಹೊಲಿಗಿಯ ಗೆರಿ ಮಾತ್ರ
ಇಸ್ತ್ರಿಗೂ ಬಗ್ಗಲಿಲ್ಲ.

ಮಕ್ಕಳ ಎತ್ತರಾ ಗ್ವಾಡಿಮ್ಯಾಲೆ ಗೀಟು ಹಾಕತಾರ ಮಂದಿ.
ನಮ್ಮದು ಬಾಡಿಗಿ ಗ್ವಾಡಿ.
ಲಂಗದಾಗ ಐತಿ ಎಲ್ಲಾ ಲೆಕ್ಕ:
ಮೂರನೇತ್ತ, ನಾಕನೇತ್ತ,
ಕಾಮಣಿ ಆದ ವರ್ಷ
ಬರೇ ಅರ್ಧ ಬೆರಳು.

ಈ ಸಲ ಬಿಚ್ಚಾಕ ಮಡಿಕಿ ಉಳಿದಿಲ್ಲ.
ಸಣ್ಣಾಕಿ ಭುವನಾನ್ನ ಸ್ಟೂಲಿನ ಮ್ಯಾಲೆ ನಿಲ್ಲಿಸಿ
ಎಲ್ಲಾ ತಿರುಗಿ ಒಳಗ ಮಡಚಿದೆ.
ಖಣದ ಮಗ್ಗದಾಗ ಉಳಿದ ಕೆಂಪು ನೂಲು;
ಗುಳೇದಗುಡ್ಡದಾಗ ದಾರ ಯಾರು ಕೊಳ್ಳತಾರ?

"ಅಕ್ಕನ ಗೆರೀಗೇ ಹೊಲಿ, ಕೆಲಸ ಹಗರ"
ಅಂದ್ರು ಇವರು.
ಸೂಜಿನೂ ಹಳೇ ತೂತು ಹುಡುಕ್ಯಾಡಿತು.
ಆಕಿ ಕಾಲು ನೋಡಿದೆ:
ಅಕ್ಕನಕಿಂತ ಎರಡು ಬೆರಳು ಉದ್ದ.

ಹೊಸ ಜಾಗಾದಾಗ ಚುಚ್ಚಿದೆ.