ಕಾಯುವುದು

ಡುಲೂತ್‌ನಲ್ಲಿ ಜನವರಿ. ಆಚೆ ದಡ ಕಾಣದ ಈ ನೀರಿಗೂ
ಇವರು ಸರೋವರ ಅಂತಲೇ ಅನ್ನುತ್ತಾರೆ.
ಅದಿರಿನ ಹಡಗುಗಳು ಗೂಟಕ್ಕೆ ಬಿಗಿದ ಎಮ್ಮೆಗಳ ಹಾಗೆ
ಹಿಮ ಹೊದ್ದು ಮಲಗಿವೆ.

ನೆಲಮಾಳಿಗೆಯಲ್ಲಿ ನಾನು, ಇರ್ಯಾ ಲೆಹ್ತೊನೆನ್,
ಒಂದು ಹನಿ ಕಪ್ಪು ದ್ರವ.
ಮೇಲಿನ ತಾಮ್ರದ ಬಿಲ್ಲೆ ಮೂವತ್ತು, ಕೆಳಗಿನದು ಇಪ್ಪತ್ತು,
ನಡುವೆ ಒಂದು ಮಿಲಿಮೀಟರ್.
ಅಷ್ಟರಲ್ಲೇ ವೈಶಾಖ, ಅಷ್ಟರಲ್ಲೇ ಮಾಗಿ.
ನೀರಿನೊಳಗೆ ಕಬ್ಬಿಣ,
ಸಣ್ಣದಾಗಿ ಆಗಿ ಮುಳುಗುವುದನ್ನೇ ಮರೆತದ್ದು.
ಸಾಸಿವೆಯಷ್ಟು ಅನ್ನೋಣವೆಂದರೆ
ಸಾಸಿವೆ ಅಲ್ಲಿ ಬೆಟ್ಟ.

ಕಾಯುತ್ತೇವೆ. ಬಿಲ್ಲೆಯೂ ಕಾಯುತ್ತದೆ.
ಎರಡಕ್ಕೂ ನನ್ನ ಭಾಷೆಯಲ್ಲಿ ಒಂದೇ ಮಾತು ಎಂದರೆ
ಇರ್ಯಾ ನಂಬಲಿಲ್ಲ.

ಹೋದ ವಾರ ಕಣಗಳೆಲ್ಲ ತಂಪಿಗೆ ಸರಿದಿದ್ದವು.
ಬಿಸಿ ನೀರು ಜೋರಾಗಿ ತಳ್ಳುತ್ತದಲ್ಲ, ಅದಕ್ಕೇ,
ಎಂದು ಹುಡುಗರಿಗೆ ಹೇಳಿ ಕೈತೊಳೆದುಕೊಂಡಿದ್ದೆ.
ಇವತ್ತು ಅದೇ ಕಬ್ಬಿಣ, ಅದೇ ಹತ್ತು ಡಿಗ್ರಿ,
ಕೆಂಪು ಲೇಸರಿನ ಗೆರೆ ಬಾಗಿದ್ದು ಮಾತ್ರ ಆಚೆಗೆ:
ಬಿಸಿಯ ಕಡೆಗೇ ಹೊರಟಿವೆ, ಒಂದೊಂದೂ.

ತಂತಿ ಅದಲುಬದಲಾಯಿತೇ ಎಂದು ನೋಡಿದೆ.
ಬಿಲ್ಲೆ ಮುಟ್ಟಿದೆ. ಬೈದೆ.
ಇರ್ಯಾ ತಣ್ಣಗೆ ಹೇಳಿದಳು:
ಸೋಮವಾರ ಉಪ್ಪು ಬದಲಿಸಿದ್ದೆ.

ಮೈಗೆ ಅಂಟಿದ ಚಿಟಿಕೆ ಉಪ್ಪು
ದಿಕ್ಕು ತಿರುಗಿಸುತ್ತದೆಂದು ಯಾರು ಅಂದುಕೊಂಡಾರು?

ಅವಳಜ್ಜ ಗಣಿಯವನಂತೆ, ಹಿಬ್ಬಿಂಗಿನ ಹತ್ತಿರ.
ಶನಿವಾರ ಸೌನಾದಲ್ಲಿ ಬೆವರಿ, ಬರಿಮೈಯಲ್ಲಿ ಓಡಿ
ಮಂಜುಗಡ್ಡೆ ಕೊರೆದ ತೂತಿಗೆ ಧುಮುಕುತ್ತಿದ್ದ.
ಅಜ್ಜಿ ಮೇಲಿನ ಹಲಗೆ ಬಿಟ್ಟು ಇಳಿದವಳೇ ಅಲ್ಲ.
'ಇಬ್ಬರ ಉಗುರಲ್ಲೂ ಒಂದೇ ಕೆಂಧೂಳು' ಎಂದು ನಕ್ಕು
ಅಯಸ್ಕಾಂತ ತರಲು ಎದ್ದಳು.
ಅದು ಬಂದರೆ ಇನ್ನೊಂದು ಕತೆ:
ತಣ್ಣಗಿದ್ದ ದ್ರವವನ್ನು ಹೆಚ್ಚು ಎಳೆಯುತ್ತದೆ,
ಬೆಚ್ಚಗಿದ್ದದ್ದನ್ನು ಅಷ್ಟಕ್ಕಷ್ಟೆ.

ಅಷ್ಟರಲ್ಲಿ ದಾಖಲೆ ಪುಸ್ತಕ ತೆರೆದೆ.
ಗುಣಾಂಕದ ಚಿಹ್ನೆ ಕೇಳುವ ಖಾನೆಯಲ್ಲಿ,
ಇಂಗ್ಲಿಷಿನ ಸಾಲುಗಳ ನಡುವೆ,
ಕೈ ತಾನಾಗಿ ಕನ್ನಡದಲ್ಲಿ ಬರೆಯಿತು: ಋಣ.

ಉಪ್ಪಿನದು.

ಇರ್ಯಾ ಬಂದು ಇಣುಕಿದಳು, ಇದೇನು ಅಕ್ಷರ,
ಸುರುಳಿ ಸುತ್ತಿದ ಹುಳದ ಹಾಗೆ?
ಹೇಳಲು ಹೊರಟೆ. ಮೇಲೆ ಹಿಮ ಗೋರುವ ಗಾಡಿ ಹಾದು
ಬಿಲ್ಲೆಗಳು ನಡುಗಿದವು;
ಮೊದಲಿನಿಂದ ಕಾಯಬೇಕಾಯಿತು.