ಎರಡನೆಯವಳು

ಸಸೂನ್ ಡಾಕಿನ ಹಲಗೆಯ ಮೇಲಿಂದ
ಆರನೇ ವಯಸ್ಸಿಗೆ ಜಾರಿ ಬಿದ್ದಳಂತೆ
ನಮ್ಮ ಗುಲಾಬಿ ಚಿಕ್ಕಮ್ಮ.
ಎತ್ತಿದವರು ಯಾರೂ ಇಲ್ಲ.
ಎರಡು ದೋಣಿಗಳ ನಡುವೆ,
ಮೀನಿನ ನೆತ್ತರು ತೇಲುವ ನೀರಲ್ಲಿ
ಕೈಕಾಲು ಬಡಿದು, ತಾನೇ ಹಗ್ಗ ಹಿಡಿದು ಮೇಲೆ ಬಂದು
ಅಜ್ಜಿಯಿಂದ ಎರಡೇಟು ತಿಂದಳು:
ಒಂದು ಬಿದ್ದದ್ದಕ್ಕೆ,
ಇನ್ನೊಂದು ನಕ್ಕದ್ದಕ್ಕೆ.

ನಮ್ಮಲ್ಲಿ ಕಡಲು ಗಂಡಸರದ್ದು,
ಬುಟ್ಟಿ ಹೆಂಗಸರದ್ದು.
ಬಂಗುಡೆಯ ಕಣ್ಣು ನೋಡಿಯೇ
ನಿನ್ನೆಯದೋ ಇವತ್ತಿನದೋ ಎಂದು ಹೇಳುವವರು
ಮೊಣಕಾಲಿನಾಚೆ ನೀರು ಕಂಡವರಲ್ಲ.

ನಗರಪಾಲಿಕೆಯ ಕೊಳದಲ್ಲಿ ಹೆಂಗಸರ ಪಾಳಿ
ಮಧ್ಯಾಹ್ನ ಎರಡರಿಂದ ಮೂರು.
ಕಾವಲುಗಾರ ಗೊರಕೆ ಹೊಡೆಯುವ,
ಅಂಚಿನ ಕಲ್ಲು ಅಂಗಾಲು ಸುಡುವ,
ಬೆಳಗಿನ ಗಂಡಸರು ಬಿಟ್ಟುಹೋದ ನೀರು
ಗಂಜಿಯ ಹಾಗೆ ಬೆಚ್ಚಗಿರುವ ಹೊತ್ತು.
ನಸುಕಿನಿಂದ ಸಿಗಡಿ ಸುಲಿದ ಬೆರಳು
ಕ್ಲೋರಿನ್ನಿಗೆ ಧಗಧಗ.
ಅಣ್ಣಂದಿರ ಖಾಕಿ ಚಡ್ಡಿಯ ಹೊಲಿಗೆ ಬಿಚ್ಚಿ
ತಾನೇ ಹೊಲಿದುಕೊಂಡ ಉಡುಪು
ನೀರು ಕುಡಿದರೆ ಎರಡು ಸೇರು ಭಾರ.
ಹೊತ್ತುಕೊಂಡೇ ಈಜಿದಳು.
ಹೊರುವುದು ಮನೆತನದ ಅಭ್ಯಾಸ ತಾನೇ.

ನಾನಿನ್ನೂ ಹುಟ್ಟದ ಒಂದು ಡಿಸೆಂಬರಿನಲ್ಲಿ
ಹೆಂಗಸರ ನೂರು ಮೀಟರು.
ಹೆಸರು ಕೊಟ್ಟವಳು ಒಬ್ಬಳೇ.
ಒಬ್ಬಳೇ ಈಜಿದರೆ ಪಂದ್ಯ ಹೇಗಾಗುತ್ತದೆ ಎಂದು
ಬಿಳಿ ಟೊಪ್ಪಿಯ ಮೂವರು
ಚಾ ಮುಗಿಯುವ ತನಕ ಚರ್ಚಿಸಿದರು.
ಅವಳು ನಿಂತೇ ಇದ್ದಳು, ಮೈಮೇಲೆ ಟವೆಲ್ಲು,
ಮೆಟ್ಟಿಲ ತುಂಬ ಗಂಡಸರ ಕಣ್ಣು.
ಕೊನೆಗೊಬ್ಬ ಸ್ಟಾಪ್‌ವಾಚು ಒತ್ತಿದ.
ಒತ್ತಿದವನು ಪಕ್ಕದವನ ಮಾತಿಗೆ ಬಿದ್ದು
ನಿಲ್ಲಿಸುವುದನ್ನು ಮರೆತ.
"ಗೋಡೆ ಮುಟ್ಟಿ ತಲೆ ಎತ್ತಿದೆ ಮಗಾ,
ನನ್ನ ಹೊತ್ತು ಇನ್ನೂ ಓಡುತ್ತಲೇ ಇತ್ತು."

ಪ್ರಥಮ ಬಹುಮಾನ. ಸಮಯ, ಅಂದಾಜಿನದು.

ನಾಲ್ಕು ವರ್ಷ ಹೀಗೇ.
ಮೊದಲಿಗಳು, ಮೊದಲಿಗಳು ಎಂದು ಪೇಪರಿನವರು.
ಹಿಂದೆ ಯಾರೂ ಇಲ್ಲದವಳಿಗೆ
ಮುಂದೆ ಎಂದರೇನು?
ಅಜ್ಜಿ ನಾಲ್ಕೂ ಪದಕವನ್ನು ಸೆರಗಿಗೆ ಕಟ್ಟಿ
ಝವೇರಿ ಬಜಾರಿಗೆ ಹೋದಳು.
ಒರೆಗೆ ಉಜ್ಜಿದವನು ನಕ್ಕ.
ನಮ್ಮ ತಕ್ಕಡಿಯ ಎಡತಟ್ಟೆ ಒಂಚೂರು ಹಗುರ;
ಅಂದಿನಿಂದ ಅವು ಅದರಡಿಯಲ್ಲಿ ನೇತಾಡಿದವು.
ಆ ಮೇಲೆ ನಾವು ಮಾರಿದ ಮೀನು
ಸರಿಯಾದ ತೂಕದ್ದು.

ಐದನೇ ವರ್ಷ
ಎಡಗಡೆಯ ಸಾಲಿನಲ್ಲಿ ಒಂದು ಸದ್ದು.
ಉಸಿರಿಗೆಂದು ಮುಖ ಹೊರಳಿಸಿದರೆ
ಅಲ್ಲೊಂದು ಮುಖ!
ಉಸಿರಿಗೆಂದೇ ಬಾಯಿ ತೆರೆದದ್ದು,
ಹುಬ್ಬಿನ ಮೇಲೆ ಗುಳ್ಳೆ ಒಡೆಯುತ್ತಿದ್ದದ್ದು.
ಬಾಂದ್ರಾದ ಬೇಕರಿಯವನ ಮಗಳು ಹೈಸಿಂತಾ,
ಹದಿನಾಲ್ಕು ದಾಟಿಲ್ಲ.
ಕೈ ಎತ್ತಿದಾಗಲೆಲ್ಲ ಮುಖ, ಕೈ ಎತ್ತಿದಾಗಲೆಲ್ಲ ಮುಖ,
ತಿರುವಿನಲ್ಲಿ ಕಾಣೆಯಾಗಿ ಎದೆ ಧಸಕ್ಕೆಂದು
ಮತ್ತೆ ಮುಖ.

ನಾಲ್ಕು ಬೆರಳಿನಷ್ಟು ಹಿಂದೆ ಬಿದ್ದಳು ಚಿಕ್ಕಮ್ಮ.
ಎರಡು ಗಡಿಯಾರ ಒತ್ತಿದ್ದರು, ಎರಡೂ ನಿಂತವು.
ಗೋಡೆಗೆ ಆತು, ನೀರು ನುಂಗಿ, ಕೆಮ್ಮಿ ಕೆಮ್ಮಿ
ಆರನೇ ವಯಸ್ಸಿನ ಅದೇ ನಗು.
ಈ ಸಲ ಏಟು ಕೊಡಲು ಯಾರೂ ಬರಲಿಲ್ಲ.

ಕಳೆದ ತಿಂಗಳು ಯಾವುದೋ ಸಮಿತಿಯವರು ಬಂದರು,
ಶಾಲು, ಫಲಕ, ಹಣ್ಣಿನ ಬುಟ್ಟಿ.
ನಿಮ್ಮ ಮೊದಲ ಪದಕ ತೋರಿಸಿ ಎಂದರು.
ತಕ್ಕಡಿ ಗುಜರಿಗೆ ಹೋಗಿ ನಲವತ್ತು ವರ್ಷ.
ಬಿಸ್ಕತ್ತಿನ ಡಬ್ಬಿಯಿಂದ
ಕಪ್ಪು ಹಿಡಿದ ಬೆಳ್ಳಿಯದೊಂದನ್ನು ತೆಗೆದು
ಹುಡುಗನ ಅಂಗೈ ಮೇಲಿಟ್ಟು ಹೇಳಿದಳು,
"ಹೈಸಿಂತಾ ಅಂತ ಬರೆದುಕೋ.
ಇದ್ದಾಳೋ ಇಲ್ಲವೋ, ವಿಳಾಸ ಹುಡುಕು.
ಅವಳು ಸೋಲಿಸುವ ತನಕ
ನಾನು ಸ್ನಾನ ಮಾಡುತ್ತಿದ್ದೆ, ಅಷ್ಟೇ."

ಫೋಟೋದವನು ಮೂರು ಸಲ ಹೇಳಿದ,
ಆಜೀ, ಇಲ್ಲಿ ನೋಡಿ, ಇಲ್ಲಿ.
ಅವಳ ಮುಖ ಎಡಕ್ಕೇ ಹೊರಳಿತ್ತು,
ಬಾಯಿ ತುಸುವೇ ತೆರೆದು.