ಎಂಟು ಮಂದಿ, ಆರುನೂರ ಮೂವತ್ತು ಕಿಲೋ

ಮನಾಮಾದ ಜುಫೈರಿನಲ್ಲಿ, ಹದಿನಾಲ್ಕು ಮಹಡಿಗಳ ಮೇಲೆ,
ನೀರಿನ ಟ್ಯಾಂಕಿಗೂ ಡಿಶ್‌ಗಳ ಕಾಡಿಗೂ ನಡುವೆ
ನಾಲ್ವರಿಗೆ ಸಾಕಾಗುವ ಒಂದು ಚಾಪೆ.
ನವೆಂಬರ್ ಆದ್ದರಿಂದ ಗಾಳಿಗೆ ತುಸು ಮರ್ಯಾದೆ ಬಂದಿದೆ.

ಇದಿನಬ್ಬ ನಮಾಜು ಮುಗಿಸಿ, ಫ್ಲಾಸ್ಕು ಹಿಡಿದು ಹತ್ತಿ ಬಂದ.
ಕೊರಳಲ್ಲಿ ದುರ್ಬೀನು: ಯಾರೋ ಫಿಲಿಪಿನೋ ನಾವಿಕ
ಚಹಾದ ಬಾಕಿಗೆ ಬಿಟ್ಟುಹೋದದ್ದು,
ಒಂದೇ ಕಣ್ಣಿಗೆ ಸರಿ ಕಾಣುತ್ತದೆ.
ಗುರುಬಸವನದು ನೋಟುಬುಕ್ಕು. ಹನ್ನೊಂದು ವರ್ಷದಲ್ಲಿ
ಈ ಟೆರೇಸಿನ ಮೇಲೆ ದಾಟಿದ್ದನ್ನೆಲ್ಲ ಬರೆದಿದ್ದಾನೆ,
ಮೋಡವಿದ್ದ ದಿನ ‘ಮ್ವಾಡ’ ಅಂತ, ಧೂಳಿದ್ದ ದಿನ ಬೈಗುಳ.
ಐರಿನ್ ರಾತ್ರಿಪಾಳಿಯಿಂದ ನೇರ ಬಂದವಳು,
ಶೂ ಬಿಚ್ಚಿ ಕಾಲು ಚಾಚಿದ್ದಾಳೆ.

ಪೈಪಿಗೆ ಒರಗಿಸಿದ ಫೋನಿನೊಳಗೆ
ಭೂಮಿಯ ಇನ್ನೊಂದು ಮಗ್ಗುಲಿನಿಂದ ಅದು ಹಾರಿ ಅರ್ಧ ಗಂಟೆ.
ಮನುಷ್ಯರಿಗೆಂದೇ ಕಟ್ಟಿದ್ದು, ಒಳಗೆ ಮನುಷ್ಯರಿಲ್ಲ.
ನಾಲ್ಕು ಕುರ್ಚಿ. ಮೂರು ಖಾಲಿ.
ನಾಲ್ಕನೆಯದರಲ್ಲಿ ಬೆಲ್ಟು ಬಿಗಿಸಿಕೊಂಡ ಬೊಂಬೆ,
ಎದೆಯಲ್ಲಿ, ಹೃದಯದ ಜಾಗದಲ್ಲಿ, ಕುಲುಕಾಟ ಅಳೆಯುವ ಯಂತ್ರ.

‘ಖಾಲಿ ಡಬ್ಬಿ ನೋಡಾಕ ನಿದ್ದಿ ಕೆಡಸ್ಕೋತೀಯಾ?’
ರೋಣದಿಂದ ಹೆಂಡತಿ ಕೇಳಿದಳಂತೆ.
ಗುರುಬಸವ ನಗುತ್ತಾನೆ. ನಾನು ನಗಲಾರೆ.
ಖಾಲಿ ಡಬ್ಬಿಯೇ ನನ್ನ ಕಸುಬು.

ಇಪ್ಪತ್ತೆರಡು ವರ್ಷದಿಂದ ಲಿಫ್ಟು ಕೂರಿಸುತ್ತೇನೆ.
ಎಂಟು ಮಂದಿ, ಆರುನೂರ ಮೂವತ್ತು ಕಿಲೋ
ಎಂಬ ಫಲಕ ಬೀಳುವ ಮೊದಲು
ಆ ಎಂಟೂ ಮಂದಿಯನ್ನು ನಾನೇ ಹೊತ್ತು ಒಳಗಿಡುತ್ತೇನೆ:
ಇಪ್ಪತ್ತೈದು ಕಿಲೋದ ಕಬ್ಬಿಣದ ಗಟ್ಟಿಗಳು, ಮೂವತ್ತೆರಡು.
ತುಸು ಹೆಚ್ಚೇ, ಮದುವೆಯೂಟ ಮುಗಿಸಿ ಹತ್ತಿದವರೆಂದು ಲೆಕ್ಕ.
ಬಾಗಿಲು ಮುಚ್ಚಿ, ಮೇಲೆ ಕಳಿಸಿ,
ವೇಗ ಮೀರಿಸಿ ಇಳಿಸಿ, ಹಿಡಿತ ಕಚ್ಚುತ್ತದೋ ಎಂದು
ಗೋಡೆಗೆ ಕಿವಿಯಿಡುತ್ತೇನೆ.

ಹೂರಾದ ಕಟ್ಟಡವೊಂದರಲ್ಲಿ ಕಚ್ಚಲಿಲ್ಲ.
ಒಂಬತ್ತು ಮಹಡಿಯುದ್ದದ ಸದ್ದು. ಆಮೇಲೆ ಧೂಳು.
ಕಬ್ಬಿಣ ಅಮ್ಮಾ ಅನ್ನುವುದಿಲ್ಲ.
ಹೊಂಡಕ್ಕಿಳಿದು ಟಾರ್ಚು ಹಿಡಿದು ಎಣಿಸಿದೆ,
ಮೂವತ್ತೆರಡೂ ಇದ್ದವು.
ಅಲ್ಲೇ ಕೂತು ನಕ್ಕೆ. ಎಷ್ಟು ಹೊತ್ತಾದರೂ
ನಗು ನಿಲ್ಲಿಸಲು ಆಗಲಿಲ್ಲ.

ಐದು ಗಂಟೆಗೆ ಫೋನಿನ ದನಿ ನಿಧಾನವಾಯಿತು.
ಒಂದು ಎಂಜಿನ್ ಉರಿಯಲಿಲ್ಲವಂತೆ,
ಬೇಕಾದ ಎತ್ತರ ಸಿಗಲಿಲ್ಲವಂತೆ,
ಆರು ದಿನ ಇರಬೇಕಾದದ್ದು ಇವತ್ತೇ ಇಳಿಯುತ್ತದಂತೆ.
ಗುರುಬಸವ ಪೆನ್ಸಿಲ್ಲು ಕೆಳಗಿಟ್ಟ.
‘ಮೊದಲ ದೋಸೆ ಯಾವತ್ತೂ ಕಾವಲಿಗೇ ಮಾರಾಯ,’ ಇದಿನಬ್ಬ ಅಂದ,
ಆದರೂ ದುರ್ಬೀನು ಇಳಿಸಲಿಲ್ಲ.
ಐರಿನ್ ಬಹಳ ಹೊತ್ತಿನ ಮೇಲೆ ಬಾಯಿಬಿಟ್ಟಳು:
‘ಉಸಿರಿನ ಯಂತ್ರಕ್ಕೆ ನಾವು ಮೊದಲು ಕಟ್ಟುವುದು
ಒಂದು ರಬ್ಬರ್ ಚೀಲ.
ಅದು ಉಬ್ಬಿ ಇಳಿಯುವಾಗ, ಯಾಕೋ,
ನಾನೂ ಅದರ ಜೊತೆ ಉಸಿರಾಡುತ್ತೇನೆ.’

ಬಂತು.
ಕೆಳಗೆ ಸುತ್ತುತ್ತಿದ್ದುದರಿಂದ ಹೇಳಿದ್ದಕ್ಕಿಂತ ಮೊದಲೇ,
ನೈಋತ್ಯದಿಂದ, ಕ್ರೇನುಗಳ ಮೇಲಿಂದ,
ಮಿನುಗದ ಒಂದು ಚುಕ್ಕಿ.
ಫೋನು ಇಪ್ಪತ್ತು ಸೆಕೆಂಡು ಹಿಂದಿದೆ;
ಅದರೊಳಗೆ ಇನ್ನೂ ಬರಬೇಕು, ನಮ್ಮ ನೆತ್ತಿಯ ಮೇಲೆ ಬಂದಾಗಿದೆ.
ಯಾರೂ ಮಾತಾಡಲಿಲ್ಲ.
ನಮ್ಮನ್ನು ವಿಮಾನ ಹತ್ತಿಸುವ ಮೊದಲು
ಐವತ್ತು ಡಿಗ್ರಿಗೆ ಎಷ್ಟು ತಡೆಯುತ್ತದೆಂದು
ಒಂದು ಬೊಂಬೆಯನ್ನು ಯಾರಾದರೂ ಕಳಿಸಿ ನೋಡಿದ್ದರೆ,
ಎಂದು ಒಂದು ಗಳಿಗೆ ಅನ್ನಿಸಿತು.
ಅಷ್ಟರಲ್ಲಿ ಅದು ಬೆಳಕಿನ ಕಡೆ ಕರಗಿತು.

ಗುರುಬಸವ ಬರೆದ: ೫.೦೩. ಕಂಡಿತು.
ಸ್ವಲ್ಪ ಯೋಚಿಸಿ, ಕೆಳಗೊಂದು ಗೆರೆ ಎಳೆದ.

ಚಾಪೆ ಸುತ್ತಿ ಲಿಫ್ಟಿನ ಗುಂಡಿ ಒತ್ತಿದೆವು.
ಹದಿನಾಲ್ಕು ಮಹಡಿ ಏರಿ ಅದು ಬಂದು ನಿಂತಿತು.
ಬಾಗಿಲು ತೆರೆಯಿತು. ದೀಪ ಉರಿಯುತ್ತಿತ್ತು, ಫ್ಯಾನು ತಿರುಗುತ್ತಿತ್ತು,
ಒಳಗೆ ಯಾರೂ ಇರಲಿಲ್ಲ.
ನಾಲ್ವರೂ ಹಾಗೇ ನೋಡುತ್ತ ನಿಂತೆವು,
ಬಾಗಿಲು ಮತ್ತೆ ಮುಚ್ಚತೊಡಗಿ
ಇದಿನಬ್ಬ ಫ್ಲಾಸ್ಕು ಅಡ್ಡ ಹಿಡಿಯುವವರೆಗೆ.